ಎಲ್ಡನ್ ರಿಂಗ್: ಮೆಸ್ಮರ್‌ಗೆ ಅಪ್ಪ ಯಾರು? ಮರಿಕಾಳ ವಂಶದ ಲೆಕ್ಕ ಕೂಡುತ್ತಿಲ್ಲ

ಹುಣಸೆಮರ

ಹೋದ ವಾರ ಎಲ್ಡನ್ ರಿಂಗ್ ವಿಡಿಯೋ ಗೇಮ್‌ನ ಡಿಎಲ್‌ಸಿ (ಆಮೇಲೆ ಸೇರಿಸಿದ ಹೆಚ್ಚುವರಿ ಕಥೆ) ಎರಡನೇ ಸಲ ಮುಗಿಸಿದೆ. ಮುಗಿಸಿದ ಮೇಲೆ ಹಳೇ ಕ್ಯಾಲೆಂಡರ್ ಹಾಳೆ ತಿರುಗಿಸಿಕೊಂಡು ಆಟದ ನಾಡಿಗೆ ದೇವರೂ ರಾಣಿಯೂ ಆದ ಮರಿಕಾಳ ವಂಶವೃಕ್ಷ ಬರೆಯಲು ಕೂತೆ. ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದೆ. ಜನವರಿ, ಫೆಬ್ರವರಿ, ಮಾರ್ಚ್ ಮೂರೂ ಹರಿದು ಹಾಕಿದ್ದಾಯಿತು.

ಮೊದಲು ಜಗಳ ಇಲ್ಲದ ಭಾಗ ಹೇಳಿಬಿಡುತ್ತೇನೆ. ಮರಿಕಾಳ ಮೊದಲ ಗಂಡ ಗಾಡ್‌ಫ್ರೀ. ಅವರ ಮಕ್ಕಳು ಗಾಡ್‌ವಿನ್, ಮತ್ತೆ ಕೊಂಬಿನ ಶಾಪ ಹೊತ್ತು ಹುಟ್ಟಿದ ಅವಳಿಗಳು ಮಾರ್ಗಾಟ್, ಮೋಗ್. ಇನ್ನೊಂದು ಕಡೆ ಕೆಂಪು ಕೂದಲಿನ ರಾಡಗಾನ್ ಮತ್ತು ಮಾಂತ್ರಿಕರ ರಾಣಿ ರೆನಾಲಾ. ಅವರಿಗೆ ರಾಡಾನ್, ರೈಕಾರ್ಡ್, ರಾನ್ನಿ. ಗಾಡ್‌ಫ್ರೀಯನ್ನು ನಾಡಿನಿಂದ ಹೊರಗೆ ಹಾಕಿದ ಮೇಲೆ ರಾಡಗಾನ್ ರೆನಾಲಾಳನ್ನು ಬಿಟ್ಟು ಬಂದು ಮರಿಕಾಳ ಎರಡನೇ ಗಂಡನಾಗುತ್ತಾನೆ. ಅವರಿಗೆ ಮತ್ತೆ ಅವಳಿಗಳು, ಮಿಕೆಲ್ಲಾ ಮತ್ತು ಮಲೇನಿಯಾ. ರೆನಾಲಾಳ ಮೂವರು ಮಕ್ಕಳು ಮರಿಕಾಳ ಮಲಮಕ್ಕಳಾಗಿ ಅರೆದೇವತೆಗಳ ಸಾಲಿಗೆ ಸೇರುತ್ತಾರೆ. ಇಲ್ಲಿಯವರೆಗೆ ಗೆರೆ ಎಳೆಯಬಹುದು.

ಆಮೇಲೆ ಕೈ ನಿಲ್ಲುತ್ತದೆ. ರಾಡಗಾನ್ ಮತ್ತು ಮರಿಕಾ ಒಬ್ಬರೇ, ಒಂದೇ ದೇಹ. ಹಾಗಾದರೆ ಅಪ್ಪ ಅಮ್ಮ ಅಂತ ಎರಡು ಚೌಕ ಬರೆಯಬೇಕೋ, ಒಂದೋ? ಇದು ಸಾಲದು ಅಂತ 2024ರ ಜೂನ್‌ನಲ್ಲಿ ಬಂದ ಡಿಎಲ್‌ಸಿ ಮೆಸ್ಮರ್‌ನನ್ನು ತಂದು ನಿಲ್ಲಿಸಿತು. ಅವನು ಮರಿಕಾಳ ಮಗ, ಅದರಲ್ಲಿ ಅನುಮಾನ ಇಲ್ಲ. ಸಾಯುವಾಗಲೂ ಅಮ್ಮನ ಹೆಸರು ಹಿಡಿದು ಶಪಿಸುತ್ತಾನೆ. ಅಪ್ಪನ ಹೆಸರನ್ನು ಮಾತ್ರ ಇಡೀ ಆಟದಲ್ಲಿ ಯಾರೂ ಎತ್ತುವುದಿಲ್ಲ.

ನನಗೆ ಅನ್ನಿಸುವುದು ಇಷ್ಟು. ಈ ಆಟದಲ್ಲಿ ದೇವರ ವಂಶ ಅನ್ನುವುದು ರಕ್ತದ ಲೆಕ್ಕವೇ ಅಲ್ಲ, ಪಟ್ಟದ ಲೆಕ್ಕ. ಗಾಡ್‌ಫ್ರೀ ಸಾಲಿನ ದೂರದ ಕುಡಿ ಗಾಡ್ರಿಕ್‌ನ ಗ್ರೇಟ್ ರೂನ್ (ಆ ಜಗತ್ತನ್ನು ಹಿಡಿದಿಟ್ಟ ಎಲ್ಡನ್ ರಿಂಗ್ ಒಡೆದಾಗ ಬಂದ ಚೂರು) ವಿವರಣೆ ತೆಗೆದು ಓದಿ. ಮೊದಲ ಅರೆದೇವತೆಗಳು ಗಾಡ್‌ಫ್ರೀ ಮತ್ತು ಅವನ ಸಂತಾನ ಅಂತ ಇದೆ. ಗಾಡ್‌ಫ್ರೀಯ ಮೈಯಲ್ಲಿ ಮರಿಕಾಳ ಒಂದು ಹನಿ ರಕ್ತವೂ ಇಲ್ಲ. ಮೊದಲು ಹೊರಾ ಲೂ ಅನ್ನುವ ಹೆಸರಿನ ಯುದ್ಧವೀರ, ಅವಳ ಕೈ ಹಿಡಿದ, ಅರೆದೇವತೆಯಾದ. ರಕ್ತವೇ ಮುಖ್ಯವಾಗಿದ್ದರೆ ಅವನ ಹೆಸರು ಆ ಸಾಲಿನಲ್ಲಿ ಹೇಗೆ ಬಂತು?

ತಪ್ಪಿದ್ದರೆ ತಿದ್ದಿ. ಆಟದೊಳಗೆ ಸಿಗುವ ಐಟಂ ಹೆಸರು ಹೇಳಿ ತಿದ್ದಿ, ಯಾವುದೋ ವಿಡಿಯೋದಲ್ಲಿ ಕೇಳಿದೆ ಅಂತ ಬೇಡ.

ಬೆಂಕಿಪೊಟ್ಟಣ

ಗುರೂ, ಮೆಸ್ಮರ್‌ನ ಅಪ್ಪ ರಾಡಗಾನ್. ನನಗೆ ಇದರಲ್ಲಿ ಸಂಶಯವೇ ಇಲ್ಲ.

ಕೂದಲು ನೋಡಿ, ಕೆಂಪು. ಗಾಡ್‌ಫ್ರೀಯ ಕಡೆಯಲ್ಲಿ ಕೆಂಪು ಕೂದಲು ಯಾರಿಗಿದೆ? ರಾಡಾನ್‌ಗೆ ಕೆಂಪು, ಮಲೇನಿಯಾಗೆ ಕೆಂಪು, ಇಬ್ಬರೂ ರಾಡಗಾನ್ ಮಕ್ಕಳು. ಕರ್ಣನಿಗೆ ಕವಚ ಕುಂಡಲ ಇದ್ದ ಹಾಗೆ ಈ ಮನೆಯಲ್ಲಿ ಕೂದಲೇ ಗುರುತು.

ಐಟಂ ಕೇಳಿದ್ದೀರಿ, ತಗೊಳ್ಳಿ. ಮೆಸ್ಮರ್‌ನನ್ನು ಸೋಲಿಸಿದರೆ ‘ಮೆಸ್ಮರ್ಸ್ ಕಿಂಡ್ಲಿಂಗ್’ (ಮೆಸ್ಮರ್‌ನ ಸೌದೆ) ಸಿಗುತ್ತದೆ. ಅದರಲ್ಲಿ ಅವನಿಗೂ, ಅವನ ತಂಗಿಯೊಬ್ಬಳ ಹಾಗೆಯೇ, ಬೆಂಕಿಯ ಕಾಣ್ಕೆ ಇತ್ತು ಅಂತ ಬರೆದಿದೆ. ಹೆಸರು ಹೇಳಿಲ್ಲ. ಆದರೆ ಬೆಂಕಿ, ಸೌದೆ, ಮರ ಸುಡುವುದು ಈ ಮೂರೂ ಸೇರುವುದು ಆಟದಲ್ಲಿ ನಮ್ಮ ಜೊತೆ ಬರುವ ಮೆಲಿನಾಳಲ್ಲಿ ಮಾತ್ರ. ಅವಳು ತನ್ನನ್ನೇ ಸೌದೆಯಾಗಿ ಕೊಟ್ಟು ಆ ನಾಡಿನ ಚಿನ್ನದ ಮಹಾವೃಕ್ಷ ಎರ್ಡ್‌ಟ್ರೀ ಸುಡಿಸುತ್ತಾಳೆ. ಮೆಸ್ಮರ್‌ನೊಳಗಿನ ಸೌದೆಯಿಂದ ನಾವು ಡಿಎಲ್‌ಸಿಯ ಕೊನೆಯ ಜಾಗ ಎನಿರ್ ಇಲಿಮ್‌ಗೆ ಅಡ್ಡ ನಿಂತ ಮರ ಸುಡುತ್ತೇವೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರು, ಇಬ್ಬರೂ ಮರ ಸುಡಲು ಬೇಕಾದ ಕಟ್ಟಿಗೆ. ಇದನ್ನು ಬರೆದವರು ಸುಮ್ನೆ ಬರೆದಿಲ್ಲ.

ಮೆಲಿನಾ ಬಾಯಿಂದಲೇ ಬಂದ ಮಾತೂ ಇದೆ. ಎರ್ಡ್‌ಟ್ರೀಯ ಬುಡದಲ್ಲಿ ಹುಟ್ಟಿದೆ, ಅಮ್ಮ ನನಗೊಂದು ಕೆಲಸ ಒಪ್ಪಿಸಿದಳು ಅನ್ನುತ್ತಾಳೆ. ಆ ಮರದ ಬುಡದಲ್ಲಿ ಮಗಳಿಗೆ ಕೆಲಸ ಒಪ್ಪಿಸುವ ಅಮ್ಮ ಮರಿಕಾ ಅಲ್ಲದೆ ಮತ್ಯಾರು?

ಕಡಲಕಾಗೆ

ಮಾರಾಯ್ರೆ, ಕೂದಲು ನಂಬಿ ಕೂರಬೇಡಿ. ರಾಡಗಾನ್‌ಗೇ ಆ ಕೂದಲು ಎಲ್ಲಿಂದ ಬಂತು ಅಂತ ಮೊದಲು ಹೇಳಿ. ದೈತ್ಯರ ಕೆಂಪು ಜಡೆಯಿಂದ ಮಾಡಿದ ಚಾವಟಿ ಒಂದಿದೆಯಲ್ಲ, ಅದರ ವಿವರಣೆಯಲ್ಲಿ ದೈತ್ಯರೆಲ್ಲರದೂ ಕೆಂಪು ಕೂದಲು, ರಾಡಗಾನ್ ತನ್ನ ಕೂದಲನ್ನು ದ್ವೇಷಿಸುತ್ತಿದ್ದ, ಅದು ದೈತ್ಯರ ಶಾಪವೇ ಇರಬಹುದು ಅಂತ ಬರುತ್ತದೆ. ಅಂದರೆ ಕೆಂಪು ಬಣ್ಣ ಶಾಪದಿಂದಲೂ ಬರಬಹುದು. ಮೆಸ್ಮರ್‌ನ ಮೈಯಲ್ಲಿ ಬೆಂಕಿಯೂ ಇದೆ, ಹಾವೂ ಇದೆ. ಅಷ್ಟೆಲ್ಲ ಶಾಪ ಹೊತ್ತವನ ತಲೆಕೂದಲನ್ನು ಅಪ್ಪನ ಸಹಿ ಅಂತ ಓದಲು ಆಗುವುದಿಲ್ಲ.

ಮೆಲಿನಾ ಅವನ ತಂಗಿ ಅನ್ನುವುದಕ್ಕೆ ನನ್ನ ತಕರಾರಿಲ್ಲ. ಮಲೇನಿಯಾಳೂ ವಯಸ್ಸಿನಲ್ಲಿ ತಂಗಿಯೇ ಇರಬಹುದು, ಆದರೆ ಅವಳದು ಕೊಳೆತ, ಬೆಂಕಿ ಅಲ್ಲ.

ನನ್ನ ಮಾತು ಬೇರೆ. ಅಪ್ಪನನ್ನು ಹುಡುಕುವ ಚಟ ನಮ್ಮದು, ಆ ನಾಡಿನದಲ್ಲ. ನಮ್ಮ ಊರಿನ ಕಡೆ ಅಳಿಯಸಂತಾನದ ಮನೆಗಳಲ್ಲಿ ಬಳಿ (ಕುಲ) ಬರುವುದು ಅಮ್ಮನಿಂದ. ಅಪ್ಪ ಯಾವ ಮನೆಯವರೇ ಇರಲಿ, ಮಗು ಅಮ್ಮನ ಬಳಿ. ನನ್ನ ಅಜ್ಜಿ ಸಂಬಂಧ ವಿಚಾರಿಸುವಾಗ ಮೊದಲು ಕೇಳುತ್ತಿದ್ದದ್ದೇ ಅದು, ಅಪ್ಪನ ಹೆಸರು ಅಲ್ಲ. ಮರಿಕಾಳ ಮನೆಯನ್ನು ಹಾಗೆ ಓದಿ ನೋಡಿ. ದೇವರು ಅವಳು. ಗಂಡಂದಿರು ಬರುತ್ತಾರೆ, ಹೋಗುತ್ತಾರೆ. ಅವಳ ಹೊಟ್ಟೆಯಲ್ಲಿ ಹುಟ್ಟಿದವರು ಅವಳ ಬಳಿ. ಆಗ ಮೆಸ್ಮರ್‌ನ ಅಪ್ಪನ ಚೌಕ ಖಾಲಿ ಬಿಟ್ಟರೂ ಮರ ಬೀಳುವುದಿಲ್ಲ.

ರಾತ್ರಿಪಾಳಿ

ಕಡಲಕಾಗೆಯವರ ಮಾತು ನನಗೆ ಹಿಡಿಸಿತು. ಆದರೆ ‘ಗೋಲ್ಡನ್ ಲಿನಿಯೇಜ್’ ಅಲ್ಲಿ ಅಡ್ಡ ಬರುತ್ತದೆ. ಅದು ಗಾಡ್‌ಫ್ರೀಯಿಂದ ಇಳಿದ ಸಾಲು, ಅಪ್ಪನ ಕಡೆಯ ಲೆಕ್ಕ. ಮಾರ್ಗಾಟ್‌ನ ಗ್ರೇಟ್ ರೂನ್ ಎರಡು ವಿಷಯ ಸಾಬೀತು ಮಾಡುತ್ತದೆ ಅಂತ ಬರೆದಿದ್ದಾರೆ: ಅವನು ಆ ಚಿನ್ನದ ಸಾಲಿನಲ್ಲೇ ಹುಟ್ಟಿದವನು, ಮತ್ತು ರಾಜಧಾನಿ ಲೆಯಿಂಡೆಲ್‌ನ ನಿಜವಾದ ದೊರೆ. ಹಾಗಾಗಿ ಎರಡೂ ಲೆಕ್ಕ ಒಟ್ಟಿಗೆ ನಡೆಯುತ್ತಿವೆ. ನಾವು ಎರಡನ್ನೂ ಒಂದೇ ಹಾಳೆಯಲ್ಲಿ ಬರೆಯಲು ಹೋಗಿ ಹಾಳೆ ಹರಿಯುತ್ತಿದ್ದೇವೆ.

ಈಗ ನಿಜವಾದ ಗಂಟಿಗೆ ಬರೋಣ. ಅದಕ್ಕೆ ಮೊದಲು ಆ ಪ್ರತಿಮೆಯ ಕಥೆ.

ಲೆಯಿಂಡೆಲ್‌ನಲ್ಲಿ ರಾಡಗಾನ್‌ನ ದೊಡ್ಡ ಪ್ರತಿಮೆ ಇದೆ. ಮಿರಿಯಲ್ ಆಮೆಯಜ್ಜ ವ್ರತಗಳ ಚರ್ಚ್‌ನಲ್ಲಿ ಕೂತು ಹೇಳುತ್ತಾನೆ, ರಾಡಗಾನ್‌ಗೊಂದು ಗುಟ್ಟಿದೆ, ಕೆತ್ತಿದವನು ಅದನ್ನು ಪ್ರತಿಮೆಯಲ್ಲೇ ಅಡಗಿಸಿದ್ದಾನೆ ಅಂತ. ನನ್ನದು ಬರೀ ಕತ್ತಿ ಹಿಡಿಯುವ ಪಾತ್ರ, ಬುದ್ಧಿ 12. ಆ ಗುಟ್ಟು ಬಯಲು ಮಾಡುವ ‘ಲಾ ಆಫ್ ರಿಗ್ರೆಶನ್’ ಮಂತ್ರಕ್ಕೆ 37 ಬೇಕು. ಪಾತ್ರದ ಅಂಕಗಳನ್ನು ಹೊಸದಾಗಿ ಹಂಚಿಕೊಳ್ಳಲು ಬೇಕಾದ ಲಾರ್ವಲ್ ಟಿಯರ್ ಒಂದಿತ್ತು, ಅದನ್ನು ಕೊಟ್ಟು ರೆನಾಲಾಳ ಹತ್ತಿರ ಪಾತ್ರವನ್ನೇ ಬದಲಿಸಿಕೊಂಡೆ. ಈಗ ಯೋಚಿಸಿದರೆ ಮೈ ಜುಂ ಅನ್ನುತ್ತದೆ. ಬಿಟ್ಟು ಹೋದ ಗಂಡನ ಗುಟ್ಟು ಒಡೆಯಲು ಹೆಂಡತಿಯ ಕೈಯಲ್ಲೇ ಬುದ್ಧಿ ಪಡೆದು ಹೋಗಿದ್ದೆ. ಪ್ರತಿಮೆಯ ಮುಂದಿನ ನೆಲದ ಮೇಲೆ ನಿಂತು ಮಂತ್ರ ಹಾಕಿದೆ. ಕ್ಯಾಮೆರಾ ಮೇಲೆ ತಿರುಗಿಸಿದೆ. ಅಲ್ಲಿ ರಾಡಗಾನ್ ಇರಲಿಲ್ಲ. ಮರಿಕಾ ನಿಂತಿದ್ದಳು. ಹೆಡ್‌ಫೋನ್ ತೆಗೆದಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಅರ್ಧನಾರೀಶ್ವರ ನೋಡಿ ಬೆಳೆದ ನಮಗೆ ಒಂದೇ ದೇಹದಲ್ಲಿ ಗಂಡು ಹೆಣ್ಣು ಅನ್ನುವುದು ಹೊಸದಲ್ಲ. ಆದರೆ ಶಿವ ಪಾರ್ವತಿ ಒಬ್ಬರಿಗೊಬ್ಬರು ಒಪ್ಪಿ ಕೂಡಿದವರು. ಇಲ್ಲಿ ಮರಿಕಾ ಎಲ್ಡನ್ ರಿಂಗ್ ಒಡೆಯುತ್ತಾಳೆ, ಅದೇ ದೇಹದ ರಾಡಗಾನ್ ಅದನ್ನು ಜೋಡಿಸಲು ಹೆಣಗುತ್ತಾನೆ. ಒಂದೇ ಕೈ ಒಡೆದು, ಅದೇ ಕೈ ಕೂಡಿಸಲು ಹೊರಟಿದೆ.

ಗಂಟು ಇದು. ಮಲೇನಿಯಾಳನ್ನು ಸೋಲಿಸಿದರೆ ಸಿಗುವ ರಿಮೆಂಬ್ರೆನ್ಸ್‌ನ ವಿವರಣೆ ಓದಿ. ಅವಳೂ ಮಿಕೆಲ್ಲಾನೂ ಒಬ್ಬನೇ ದೇವರ ಮಕ್ಕಳು, ಆ ಕಾರಣಕ್ಕೇ ಇಬ್ಬರೂ ಎಂಪಿರಿಯನ್ (ಮರಿಕಾಳ ನಂತರ ದೇವರ ಪಟ್ಟಕ್ಕೆ ಅರ್ಹರು), ಆ ಕಾರಣಕ್ಕೇ ಹುಟ್ಟಿನಿಂದ ಬಾಧೆ ಅನ್ನುತ್ತದೆ. ಸರಿ. ಹಾಗಿದ್ದರೆ ರಾನ್ನಿ ಹೇಗೆ ಎಂಪಿರಿಯನ್? ಅವಳಿಗೆ ಅಮ್ಮ ಬೇರೆ ಇದ್ದಾಳೆ. ಅರೆದೇವತೆಗಳಲ್ಲಿ ಆ ಪಟ್ಟ ಇದ್ದದ್ದು ತನಗೆ, ಮಿಕೆಲ್ಲಾಗೆ, ಮಲೇನಿಯಾಗೆ ಮಾತ್ರ ಅಂತ ರಾನ್ನಿಯೇ ಹೇಳುತ್ತಾಳೆ. ಬೆಂಕಿಪೊಟ್ಟಣ ಹೇಳುವ ಹಾಗೆ ಮೆಸ್ಮರ್‌ನೂ ಮೆಲಿನಾಳೂ ಮರಿಕಾ-ರಾಡಗಾನ್ ಮಕ್ಕಳಾದರೆ ಅವರೂ ಒಬ್ಬನೇ ದೇವರ ಮಕ್ಕಳು. ಆಗ ಎಂಪಿರಿಯನ್‌ಗಳು ಐವರಾಗಬೇಕಿತ್ತು. ರಾನ್ನಿ ಮೂವರು ಅನ್ನುತ್ತಾಳೆ.

ಬೆಂಕಿಪೊಟ್ಟಣ

ರಾನ್ನಿಗೆ ಮೆಸ್ಮರ್ ವಿಷಯ ಗೊತ್ತೇ ಇಲ್ಲದಿದ್ದರೆ? ಅವನ ನಾಡನ್ನೇ ಮರಿಕಾ ಮುಸುಕು ಹಾಕಿ ಮುಚ್ಚಿಟ್ಟಿದ್ದಳು. ಅವನಿಗೆ ಗ್ರೇಟ್ ರೂನ್ ಕೂಡ ಇಲ್ಲ. ಲೆಯಿಂಡೆಲ್‌ನ ಯಾವ ಲೆಕ್ಕದ ಪುಸ್ತಕದಲ್ಲೂ ಅವನ ಹೆಸರು ಇರಲಿಲ್ಲ.

ರಾತ್ರಿಪಾಳಿ

ರಾನ್ನಿಗೆ ಗೊತ್ತಿರಲಿಲ್ಲ ಅನ್ನುವುದು ಒಪ್ಪುವ ಮಾತು. ಮೇಲಿನ ದೈವದ ದೂತರಾದ ಬೆರಳುಗಳಿಗೆ ಗೊತ್ತಿರಲಿಲ್ಲ ಅಂತ ಹೇಳಲು ಆಗುತ್ತದಾ? ಎಂಪಿರಿಯನ್ ಆರಿಸುವುದು ಎರಡು ಬೆರಳುಗಳು. ಒಬ್ಬೊಬ್ಬರನ್ನು ಒಂದೊಂದು ಎರಡು-ಬೆರಳು ಆರಿಸಿತು ಅಂತ ರಾನ್ನಿಯ ಮಾತಿನಲ್ಲೇ ಇದೆ.

ಗುಬ್ಬಿಗೂಡು

ಎಲ್ಲರ ಮಾತೂ ಓದಿದೆ. ‘ಹುಟ್ಟಿನಿಂದ ಬಾಧೆ ಇದೆ, ಆದ್ದರಿಂದ ಒಬ್ಬನೇ ದೇವರ ಮಗು’ ಅನ್ನುವ ತರ್ಕವನ್ನು ದಯವಿಟ್ಟು ಮೆಸ್ಮರ್‌ಗೆ ಹಚ್ಚಬೇಡಿ. ಮಾರ್ಗಾಟ್, ಮೋಗ್ ಕೂಡ ಬಾಧೆ ಹೊತ್ತೇ ಹುಟ್ಟಿದವರು. ಅವರಿಗೆ ಅಪ್ಪ ಬೇರೆಯೇ ಇದ್ದಾನೆ. ಅಂದಮೇಲೆ ಬಾಧೆ ಯಾವ ಅಪ್ಪನ ಗುರುತೂ ಅಲ್ಲ. ಎಲ್ಲರಲ್ಲೂ ಸಮನಾಗಿ ಇರುವುದು ಅಮ್ಮ ಒಬ್ಬಳೇ.

ಲೆಯಿಂಡೆಲ್ ಕೆಳಗಿನ ಚರಂಡಿಯಲ್ಲಿ ‘ರೀಗಲ್ ಓಮನ್ ಬೇರ್ನ್’ ಅನ್ನುವ ಸಣ್ಣ ಗೊಂಬೆಯಂಥ ವಸ್ತು ಸಿಗುತ್ತದೆ. ಕೊಂಬು ಹೊತ್ತು ಹುಟ್ಟಿದ ಕೂಸುಗಳ ಕೊಂಬುಗಳನ್ನೆಲ್ಲ ಕತ್ತರಿಸುತ್ತಿದ್ದರು, ಹೆಚ್ಚಿನವು ಅದರಲ್ಲೇ ಸಾಯುತ್ತಿದ್ದವು. ರಾಜಮನೆತನದ ಕೂಸಾದರೆ ಕತ್ತರಿಸುತ್ತಿರಲಿಲ್ಲ, ಯಾರಿಗೂ ಗೊತ್ತಾಗದ ಹಾಗೆ ನೆಲದ ಕೆಳಗೆ ಇಡುತ್ತಿದ್ದರು. ನಾನು ಇದನ್ನು ಓದುವಾಗ ನನ್ನ ಮಗ ಪಕ್ಕದ ಕೋಣೆಯಲ್ಲಿ ಮಲಗಿದ್ದ, ಒಂಬತ್ತು ತಿಂಗಳವನು. ಆ ರಾತ್ರಿ ಆಟ ಅಲ್ಲಿಗೇ ನಿಲ್ಲಿಸಿದೆ. ಅವನ ಪಕ್ಕ ಹೋಗಿ ಮಲಗಿಕೊಂಡೆ. ರಾಜರಕ್ತ ಅಂದರೆ ಇಷ್ಟೇ ಅಲ್ವಾ ಅಲ್ಲಿ? ಜೀವ ಉಳಿಯುತ್ತದೆ, ಬೆಳಕು ಸಿಗುವುದಿಲ್ಲ.

ಮಾರ್ಗಾಟ್ ಆಮೇಲೂ ಆ ಮರವನ್ನೇ ಕಾಯುತ್ತಾನೆ. ಅವನನ್ನು ಬೇಡ ಅಂದ ಮರ. ಮೆಸ್ಮರ್‌ನದೂ ಅದೇ ಕಥೆ. ಅಮ್ಮನಿಗಾಗಿ ಅವಳ ಶತ್ರುಗಳಾದ ಕೊಂಬಿನವರ ನಾಡು ಸುಟ್ಟ, ಅಮ್ಮ ಬಾಗಿಲು ಹಾಕಿಕೊಂಡಳು. ಕಾಳಗದ ಮಧ್ಯೆ ಅವನು ತನ್ನ ಕಣ್ಣನ್ನು ಕಿತ್ತು ಹಿಸುಕುವ ಗಳಿಗೆ ನೆನಪಿದೆಯಲ್ಲ. ಅದು ಒಳಗಿನ ಹಾವನ್ನು ತಡೆಯಲು ಅಮ್ಮ ಹಾಕಿದ ಮುದ್ರೆ. ಅದನ್ನು ಒಡೆಯುವ ಮುಂಚೆ ಅಮ್ಮನ ಕ್ಷಮೆ ಕೇಳುತ್ತಾನೆ. ಕುಂತಿ ಕರ್ಣನನ್ನು ತೇಲಿ ಬಿಟ್ಟಳು, ಆದರೆ ಕೊನೆಗೆ ಬಂದು ನೀನು ನನ್ನ ಮಗ ಅಂತ ಹೇಳಿದಳು. ಈ ತಾಯಿ ಅದನ್ನೂ ಹೇಳಲಿಲ್ಲ.

ಬೆಂಕಿಪೊಟ್ಟಣ, ನಿಮ್ಮ ರಾಡಗಾನ್ ವಾದ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ ಆಟ ಅಪ್ಪನ ಹೆಸರು ಮುಚ್ಚಿಟ್ಟಿರುವುದು ನಾವು ಕಂಡುಹಿಡಿಯಲಿ ಅಂತ ಅಲ್ಲ ಅನ್ನಿಸುತ್ತದೆ. ಅವನ ಜಗತ್ತಿನಲ್ಲಿ ಅಮ್ಮ ಬಿಟ್ಟು ಬೇರೆ ಯಾರೂ ಇರಲಿಲ್ಲ.

ಹೊಸಬ_25

ನಾನು ಈಗಷ್ಟೇ ಮೊದಲ ಸಲ ಮುಗಿಸಿದೆ. ಮೆಲಿನಾಳೇ ಗ್ಲೋಮ್-ಐಡ್ ಕ್ವೀನ್ (ಮುಸ್ಸಂಜೆಗಣ್ಣಿನ ರಾಣಿ) ಅಂತ ಎಲ್ಲರೂ ಹೇಳುತ್ತಾರಲ್ಲ, ಹಾಗಿದ್ದರೆ ಅವಳು ಮರಿಕಾಳ ಮಗಳು ಹೇಗಾಗುತ್ತಾಳೆ?

ಕಡಲಕಾಗೆ

ತಮ್ಮಾ, ಅದು ಆಟದ ಹಲವು ಅಂತ್ಯಗಳಲ್ಲಿ ಒಂದಾದ ಹುಚ್ಚುಬೆಂಕಿಯ ಅಂತ್ಯದಿಂದ ಹುಟ್ಟಿದ ಊಹೆ. ಆ ಅಂತ್ಯದಲ್ಲಿ ಅವಳ ಮುಚ್ಚಿದ ಕಣ್ಣು ತೆರೆಯುತ್ತದೆ, ಮುಸ್ಸಂಜೆಯ ಬಣ್ಣ. ದೇವಚರ್ಮದವರನ್ನು ಆಳುತ್ತಿದ್ದ ರಾಣಿಯ ಹೆಸರಿನಲ್ಲೂ ಮುಸ್ಸಂಜೆಯ ಕಣ್ಣು ಇದೆ, ಆ ರಾಣಿಯನ್ನು ಮರಿಕಾಳ ಬಂಟ ಮಲಿಕೆತ್ ಸೋಲಿಸಿದ. ಇಷ್ಟೇ ಕೊಂಡಿ. ಅವಳು ಇವಳೇ ಅಂತ ಆಟ ಎಲ್ಲೂ ಹೇಳಿಲ್ಲ. ಮೆಸ್ಮರ್‌ನ ತಂಗಿ ಅನ್ನುವ ಸಾಲು ಬಂದ ಮೇಲೆ ನನಗೆ ಆ ಊಹೆಯ ಮೇಲೆ ಪ್ರೀತಿ ಕಡಿಮೆಯಾಯಿತು. ಮರಿಕಾಗೆ ಎದುರಾಳಿಯಾಗಿದ್ದವಳು ಅವಳ ಮಗಳಾಗಿ ಮತ್ತೆ ಹುಟ್ಟಿದಳು ಅಂತ ಕೆಲವರು ಜೋಡಿಸುತ್ತಾರೆ. ಕಥೆ ಚೆನ್ನಾಗಿದೆ, ಆಧಾರ ಇಲ್ಲ.

ರಾತ್ರಿಪಾಳಿ

ನಾನು ನಿನ್ನೆ ರಾತ್ರಿ ಎಂಪಿರಿಯನ್ ಗಂಟಿಗೆ ವಾಪಸ್ ಹೋದೆ. ಡಿಎಲ್‌ಸಿಯಲ್ಲಿ ಸಿಗುವ ಕೌಂಟ್ ಯಮಿರ್‌ನ ಮಾತು ಎಲ್ಲರೂ ಮರೆತಿದ್ದೇವೆ. ಬೆರಳುಗಳ ತಾಯಿ ಮೆಟಿರ್ ತಾನೇ ಕೈಬಿಟ್ಟವಳು, ಮೇಲಿನಿಂದ ಅವಳಿಗೆ ಯಾವ ಸುದ್ದಿಯೂ ಬರುತ್ತಿಲ್ಲ. ಮರಿಕಾಳೂ, ಅವಳಿಗೆ ದಾರಿ ತೋರಿಸಿದ ಬೆರಳುಗಳೂ ಮೊದಲಿನಿಂದಲೇ ಸರಿ ಇರಲಿಲ್ಲ ಅಂತ ಯಮಿರ್ ಹೇಳುತ್ತಾನೆ. ಇದನ್ನು ನಂಬಿದರೆ ಮೂವರೇ ಯಾಕೆ, ಐವರು ಯಾಕಲ್ಲ ಅನ್ನುವ ನನ್ನ ಪ್ರಶ್ನೆಯೇ ಬಿದ್ದು ಹೋಗುತ್ತದೆ. ಆರಿಸುವವರಿಗೇ ನಿಯಮ ಇರಲಿಲ್ಲ. ರಾಡಾನ್, ರೈಕಾರ್ಡ್, ರಾನ್ನಿ ಮೂವರದೂ ಒಂದೇ ಅಪ್ಪ, ಒಂದೇ ಅಮ್ಮ. ಆರಿಸಿದ್ದು ರಾನ್ನಿಯನ್ನು ಮಾತ್ರ. ರಕ್ತ ನೋಡಿ ಆರಿಸಿದ್ದರೆ ಮೂವರೂ ಬರಬೇಕಿತ್ತು.

ರಾನ್ನಿಗೆ ಇದು ನಮಗಿಂತ ಮೊದಲೇ ಗೊತ್ತಿತ್ತು. ಮೃತ್ಯುವಿನ ರೂನ್ ಕದ್ದು ತನ್ನ ಎಂಪಿರಿಯನ್ ಮೈಯನ್ನೇ ಕೊಂದುಕೊಂಡು ಬೊಂಬೆಯೊಳಗೆ ಸೇರಿದಳು. ಪಟ್ಟ ಇದ್ದದ್ದು ಆ ಮೈಯ ಮೇಲೆ, ಮೈಯನ್ನೇ ಬಿಟ್ಟಳು. ಅದೇ ರಾತ್ರಿ ಗಾಡ್‌ವಿನ್‌ನ ಆತ್ಮ ಸತ್ತು ಮೈ ಉಳಿಯಿತು. ಆ ಮೈ ಬೇರಿನ ಕೆಳಗೆ ಇನ್ನೂ ಬೆಳೆಯುತ್ತಾ ಇದೆ. ಚಿನ್ನದ ಸಾಲಿನ ಹಿರಿಮಗನ ಗತಿ ಅದು.

ಹುಣಸೆಮರ, ನಿಮ್ಮ ಮೊದಲ ಮಾತೇ ಸರಿ ಅಂತ ಈಗ ನಾನೂ ಒಪ್ಪುತ್ತೇನೆ.

ಬೆಂಕಿಪೊಟ್ಟಣ

ನಾನು ಒಪ್ಪುವುದಿಲ್ಲ. ಪಟ್ಟ ಮಾತ್ರ ಆಗಿದ್ದರೆ ಗಾಡ್ರಿಕ್ ಯಾಕೆ ಊರವರ ಕೈಕಾಲು ಕತ್ತರಿಸಿ ಮೈಗೆ ಹೊಲಿದುಕೊಳ್ಳುತ್ತಾನೆ? ಅವನು ಅದೇ ಸಾಲಿನ ದೂರದ ಕುಡಿ. ಬಲ ಇಳಿದುಹೋಗಿದೆ ಅಂತ ಅವನಿಗೇ ಗೊತ್ತು. ಗ್ರೇಟ್ ರೂನ್ ಕೈಯಲ್ಲಿದೆ, ಕೋಟೆ ಇದೆ, ಪಟ್ಟಕ್ಕೆ ಏನೂ ಕಡಿಮೆ ಇಲ್ಲ. ಆದರೂ ಸಾಲದು. ರಕ್ತಕ್ಕೆ ಬೆಲೆ ಇರುವುದರಿಂದಲೇ ಅವನಿಗೆ ಆ ಕೊರತೆ. ರಕ್ತ ತೆಳುವಾಗುತ್ತದೆ ಅನ್ನುವುದನ್ನು ಈ ಆಟ ಕಣ್ಣೆದುರು ತೋರಿಸಿದೆ.

ಹುಣಸೆಮರ

ಬೆಂಕಿಪೊಟ್ಟಣ, ಗಾಡ್ರಿಕ್ ವಿಷಯದಲ್ಲಿ ನೀವು ನನ್ನನ್ನು ಹಿಡಿದುಬಿಟ್ಟಿರಿ. ಎರಡು ದಿನ ಇದೇ ತಲೆಯಲ್ಲಿತ್ತು. ನನ್ನ ಮಾತನ್ನು ಸ್ವಲ್ಪ ತಿದ್ದುತ್ತೇನೆ. ಬಲ ರಕ್ತದಲ್ಲಿ ಬರುತ್ತದೆ, ತಲೆಮಾರು ಇಳಿದ ಹಾಗೆ ಇಳಿಯುತ್ತದೆ. ಆದರೆ ಯಾರು ಅರೆದೇವತೆ, ಯಾರು ಎಂಪಿರಿಯನ್, ಯಾರನ್ನು ಚರಂಡಿಗೆ ಇಳಿಸಬೇಕು ಅನ್ನುವುದು ರಕ್ತ ನೋಡಿ ತೀರ್ಮಾನ ಆಗಿಲ್ಲ.

ಹೆಸರಿನ ಮೊದಲ ಅಕ್ಷರ ಹಿಡಿದೂ ಒಂದು ಸಲ ನೋಡಿದೆ. ಗಾಡ್‌ವಿನ್, ಗಾಡ್ರಿಕ್, ಗಾಡ್‌ಫ್ರಾಯ್ ಒಂದು ಗುಂಪು. ರಾಡಾನ್, ರೈಕಾರ್ಡ್, ರಾನ್ನಿ ಒಂದು ಗುಂಪು. ಉಳಿದವರೆಲ್ಲ ‘ಮ’. ಇದು ಆಟದ ಪುರಾಣ ಬರೆದ ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಹೆಸರಿನ ಅಕ್ಷರಗಳು ಅಂತ 2022ರಲ್ಲಿ ದೊಡ್ಡ ಸುದ್ದಿಯಾಯಿತು, ಬೇಕೆಂದು ಹಾಗೆ ಮಾಡಿಲ್ಲ ಅಂತ ಅವರೇ ಅಂದರು. ಅದು ಬಿಡಿ. ನನಗೆ ಕಂಡದ್ದು ಬೇರೆ. ಗಾಡ್‌ವಿನ್‌ಗೆ ಅಪ್ಪನ ಅಕ್ಷರ ಸಿಕ್ಕಿತು. ಅದೇ ಅಪ್ಪನ ಅವಳಿಗಳಿಗೆ ಕೊಂಬಿತ್ತು, ಅವರಿಗೆ ಅಮ್ಮನ ಅಕ್ಷರ. ಮಾರ್ಗಾಟ್, ಮೋಗ್, ಮಿಕೆಲ್ಲಾ, ಮಲೇನಿಯಾ, ಮೆಸ್ಮರ್, ಮೆಲಿನಾ. ಕೊಂಬು, ಬೆಳೆಯದ ಮೈ, ಕೊಳೆತ, ಹಾವು, ಬೆಂಕಿ. ಬಾಧೆ ಇರುವ ಮಕ್ಕಳೆಲ್ಲ ಅಮ್ಮನ ಅಕ್ಷರದ ಕೆಳಗೆ ಬಂದು ನಿಂತಿದ್ದಾರೆ. ಗುಬ್ಬಿಗೂಡು ಅಕ್ಕ ಹೇಳಿದ್ದು ಇದೇ ಅಲ್ವಾ?

ಹಾಗಾಗಿ ಏಪ್ರಿಲ್ ಹಾಳೆಯಲ್ಲಿ ಹೊಸದಾಗಿ ಬರೆದೆ. ಮರಿಕಾಳಿಂದ ಶುರು. ರಾಡಗಾನ್‌ಗೆ ಬೇರೆ ಚೌಕ ಇಲ್ಲ, ಅವಳ ಚೌಕದೊಳಗೇ ಒಂದು ಗೆರೆ. ಮೆಸ್ಮರ್ ಮತ್ತು ಮೆಲಿನಾ ಅವಳಿಂದ ನೇರ ಇಳಿದಿದ್ದಾರೆ, ಅಪ್ಪನ ಜಾಗ ಖಾಲಿ. ಬೆಂಕಿಪೊಟ್ಟಣಗೋಸ್ಕರ ಅಲ್ಲಿ ಪೆನ್ಸಿಲ್‌ನಲ್ಲಿ ಕೆಂಪು ಚುಕ್ಕೆ ಇಟ್ಟಿದ್ದೇನೆ.

ಒಂದು ಮಾತ್ರ ವಿಚಿತ್ರ ಅನ್ನಿಸಿತು. ಇಷ್ಟು ದೊಡ್ಡ ದೇವರ ವಂಶ, ಮರಿಕಾಳ ಮೇಲೆ ಏನೂ ಇಲ್ಲ. ಎನಿರ್ ಇಲಿಮ್‌ನ ದ್ವಾರದಲ್ಲಿ ಅವಳು ದೇವರಾದಳು, ಹುಟ್ಟುವಾಗ ಆಗಿರಲಿಲ್ಲ. ಒಂದೇ ತಲೆಮಾರಿನ ಹಿಂದೆ ಈ ರಕ್ತದಲ್ಲಿ ದೈವ ಅನ್ನುವುದೇ ಇರಲಿಲ್ಲ. ಹಾಳೆಯ ಮೇಲ್ಭಾಗ ಬರೀ ಬಿಳಿ.

ಗುಬ್ಬಿಗೂಡು

ಹುಣಸೆಮರ, ಮೇಲೆ ಒಬ್ಬರಿದ್ದಾರೆ.

ಶಾಮನ್ ವಿಲೇಜ್‌ಗೆ ಹೋಗಿದ್ದೀರಾ? ಒಂದೇ ಒಂದು ಶತ್ರು ಇಲ್ಲದ ಊರು, ಹೂವು ಮಾತ್ರ. ಮರಿಕಾ ಹುಟ್ಟಿ ಬೆಳೆದ ಜಾಗ. ಅವಳ ಜನರನ್ನು ಕೊಂಬಿನವರು ಕೊಚ್ಚಿ ಜಾಡಿಗಳಿಗೆ ತುಂಬಿದರು. ಅಲ್ಲಿ ಒಂದು ಮರದ ಪೊಟರೆಯಲ್ಲಿ ‘ಗೋಲ್ಡನ್ ಬ್ರೇಡ್’ ಸಿಗುತ್ತದೆ, ಕತ್ತರಿಸಿದ ಚಿನ್ನದ ಜಡೆ. ಮರಿಕಾ ಅಜ್ಜಿಗೆ ಅರ್ಪಿಸಿದ್ದು ಅಂತ ಬರೆದಿದೆ. ಏನು ಬೇಡಿಕೊಂಡಳು, ಏನು ಒಪ್ಪಿಕೊಂಡಳು, ಉತ್ತರ ಹೇಳಲು ಯಾರೂ ಉಳಿದಿಲ್ಲ, ಅವಳು ಮತ್ತೆ ಮನೆಗೆ ಬರಲೇ ಇಲ್ಲ ಅಂತ ವಿವರಣೆ ಮುಗಿಯುತ್ತದೆ.

ಕಡಲಕಾಗೆ

ನೋಡಿ ಮತ್ತೆ. ಅಜ್ಜಿ. ಅಜ್ಜ ಅಲ್ಲ.

ಹುಣಸೆಮರ

ಆ ಊರಿಗೆ ಹೋಗಿದ್ದೆ. ಜಡೆ ಎತ್ತಿಕೊಂಡಿದ್ದೆ ಕೂಡ. ಹೋಲಿ ಡಿಫೆನ್ಸ್ ಎಷ್ಟು ಜಾಸ್ತಿಯಾಗುತ್ತದೆ ಅಂತ ನೋಡಿ ಕೊನೆಯ ಬಾಸ್‌ಗೆ ಹಾಕಿಕೊಂಡಿದ್ದೆ, ವಿವರಣೆ ಓದಿರಲಿಲ್ಲ. ಈಗ ಓದಿದೆ.

ಹಾಳೆಯ ಮೇಲ್ಭಾಗದಲ್ಲಿ ಮರಿಕಾಳ ಮೇಲೆ ಒಂದು ಚೌಕ ಹಾಕಿದ್ದೇನೆ. ‘ಅಜ್ಜಿ’ ಅಂತ ಬರೆದಿದ್ದೇನೆ. ಅವರ ನಡುವೆ ಒಂದು ತಲೆಮಾರಿನ ಜಾಗ ಬಿಟ್ಟಿದ್ದೇನೆ. ಇವತ್ತು ರಾತ್ರಿ ಫೋಟೋ ತೆಗೆದು ಇಲ್ಲೇ ಹಾಕುತ್ತೇನೆ, ತಪ್ಪು ಕಂಡರೆ ಹೇಳಿ.